ಸಣ್ಣ ಸೊಂಟಕ್ಕಾಗಿ ಪಕ್ಕೆಲುಬು ತೆಗೆಸುತ್ತಿದ್ದರೇ? ಹಳೆಯ ಗೌನ್‌ಗಳನ್ನು ಮತ್ತೆ ಹೊಲಿದವರು ಹೇಳುವುದೇನು

ಕಪ್ಪು-ಬಿಳುಪಿನ ಒಂದು ಫೋಟೋ. ನೆಲ ಗುಡಿಸುವಷ್ಟು ಉದ್ದದ ಗೌನ್ ತೊಟ್ಟ ಯುರೋಪಿನ ಹೆಂಗಸು, ಎರಡು ಅಂಗೈಯಲ್ಲಿ ಹಿಡಿಯಬಹುದು ಎನ್ನಿಸುವಂಥ ಸೊಂಟ. ಕೆಳಗೆ ಒಕ್ಕಣೆ: ‘ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಹೆಂಗಸರು ಹೀಗೆ ಕಾಣಲು ಪಕ್ಕೆಲುಬುಗಳನ್ನೇ ತೆಗೆಸಿಕೊಳ್ಳುತ್ತಿದ್ದರು! ಎಲ್ಲರಿಗೂ ಶೇರ್ ಮಾಡಿ.’ ಈ ಬಗೆಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆ ಬಂದಿರಬಹುದು. ಇದರ ಜೊತೆಗೆ ಓಡಾಡುವ ಇನ್ನೆರಡು ಮಾತುಗಳಿವೆ. ಆ ಕಾಲದವರ ಸೊಂಟ ಹದಿನಾರೇ ಇಂಚು ಇರುತ್ತಿತ್ತು ಎಂಬುದು ಒಂದು. ಕಾರ್ಸೆಟ್ ಎಂಬ ಬಿಗಿಯುಡುಪಿನಿಂದ ಸಾವಿರಾರು ಜನ ಸತ್ತರು ಎಂಬುದು ಇನ್ನೊಂದು.

ಇದನ್ನು ಪರೀಕ್ಷಿಸುವುದು ಹೇಗೆ? ಪುಸ್ತಕ, ಮ್ಯೂಸಿಯಂ ಇದ್ದೇ ಇವೆ. ಅವುಗಳ ಜೊತೆಗೆ ಇನ್ನೊಂದು ದಾರಿಯೂ ಇದೆ: ಆ ಬಟ್ಟೆಯನ್ನು ಆಗಿನ ಅಳತೆಯಲ್ಲೇ ಮತ್ತೆ ಹೊಲಿದು, ತೊಟ್ಟು, ನಡೆದು, ಕುಣಿದು ನೋಡುವುದು. ಇದನ್ನು ಹವ್ಯಾಸವಾಗಿ ಮಾಡುವವರು ಯುರೋಪ್, ಅಮೆರಿಕಗಳಲ್ಲಿ ಬಹಳ ಜನ ಇದ್ದಾರೆ. ಇಂಗ್ಲೆಂಡಿನ ಬಾತ್ ಊರಿನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಹೆಸರಿನ ಉತ್ಸವ ನಡೆಯುತ್ತದೆ. ಇನ್ನೂರು ವರ್ಷ ಹಿಂದಿನ ಉಡುಪು ತೊಟ್ಟವರ ಮೆರವಣಿಗೆಯೇ ಅದರ ಮುಖ್ಯ ಆಕರ್ಷಣೆ. 2014ರಲ್ಲಿ 550 ಜನ ಹೀಗೆ ಒಟ್ಟಿಗೆ ಸೇರಿ ಗಿನ್ನೆಸ್ ದಾಖಲೆ ಮಾಡಿದರು. ಇವರಲ್ಲಿ ಬಾಡಿಗೆ ಬಟ್ಟೆಯವರೂ ಇರುತ್ತಾರೆ. ಒಂದು ಸಂಜೆಗಾಗಿ ತಿಂಗಳುಗಟ್ಟಲೆ ಕೂತು ಹೊಲಿದುಕೊಂಡು ಬಂದವರೂ ಇರುತ್ತಾರೆ.

ಅವರಿಗೆ ಅಳತೆ ಎಲ್ಲಿಂದ ಸಿಗುತ್ತದೆ? ಈ ವಿಷಯದಲ್ಲಿ ಎಲ್ಲರೂ ನೆನೆಯುವ ಹೆಸರು ಜಾನೆಟ್ ಆರ್ನಾಲ್ಡ್. ಇಂಗ್ಲೆಂಡಿನ ಈ ವಿದ್ವಾಂಸೆ ಮ್ಯೂಸಿಯಂಗಳಲ್ಲಿ ಉಳಿದಿದ್ದ ಹಳೆಯ ಉಡುಪುಗಳ ಒಂದೊಂದು ಹೊಲಿಗೆಯನ್ನೂ ಅಳೆದು, ನಕ್ಷೆ ಬರೆದು, ‘ಪ್ಯಾಟರ್ನ್ಸ್ ಆಫ್ ಫ್ಯಾಷನ್’ ಎಂಬ ಪುಸ್ತಕಗಳನ್ನು ತಂದರು. ಮೊದಲ ಸಂಪುಟ 1964ರಲ್ಲಿ ಬಂತು. ನಕ್ಷೆಯನ್ನು ನೋಡಿ ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಒಂದು ಮಾದರಿ ಹೊಲಿಯುವುದು, ಮೈಮೇಲೆ ಹಾಕಿ ತಿದ್ದುವುದು, ಆಮೇಲೆ ರೇಷ್ಮೆಗೆ ಕತ್ತರಿ ಹಾಕುವುದು, ಇದು ಇವರ ಕ್ರಮ. ದುಬಾರಿ ಬಟ್ಟೆಗೆ ಕತ್ತರಿ ಹಾಕುವಾಗ ಕೈ ನಡುಗುವುದು ನಮ್ಮ ಬ್ಲೌಸ್ ಟೇಲರ್‌ಗಳಿಗೂ ಹೊಸತಲ್ಲ.

ಹದಿನಾರು ಇಂಚಿನ ಸೊಂಟ ಬಂದದ್ದೆಲ್ಲಿಂದ?

ಕಾರ್ಸೆಟ್ ಅಂದರೆ ಎದೆಯಿಂದ ಸೊಂಟದ ಕೆಳಗಿನವರೆಗೆ ಬರುವ, ಒತ್ತಾಗಿ ನೇಯ್ದ ಹತ್ತಿ ಬಟ್ಟೆಯ ಒಳ ಉಡುಪು. ಹೊಲಿಗೆಗಳ ನಡುವಿನ ಉದ್ದುದ್ದ ಕೊಳವೆಗಳಲ್ಲಿ ಗಟ್ಟಿ ಪಟ್ಟಿಗಳನ್ನು ತೂರಿಸುತ್ತಿದ್ದರು. ‘ತಿಮಿಂಗಿಲದ ಮೂಳೆ’ ಎಂದು ಇವಕ್ಕೆ ಹೆಸರು, ಆದರೆ ಇವು ಮೂಳೆಯೇ ಅಲ್ಲ. ತಿಮಿಂಗಿಲದ ಬಾಯಿಯೊಳಗೆ ಜರಡಿಯಂತೆ ಕೆಲಸ ಮಾಡುವ ಪಟ್ಟಿಗಳು. ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದವು. ಮೈಯ ಶಾಖಕ್ಕೆ ಸ್ವಲ್ಪ ಮೆತ್ತಗಾಗಿ ಮೈಯ ಆಕಾರಕ್ಕೆ ಒಗ್ಗುತ್ತವೆ. ಇಂದು ಹೊಲಿಯುವವರು ಇದಕ್ಕೆ ಬದಲಾಗಿ ಉಕ್ಕಿನ ಪಟ್ಟಿ, ಪ್ಲಾಸ್ಟಿಕ್ ಪಟ್ಟಿ ಬಳಸುತ್ತಾರೆ. ಕೈ ಬಿಗಿ ಹಿಡಿಯಬೇಕಾದವರು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ವೈರು ಕಟ್ಟುವ ದಪ್ಪ ಕೇಬಲ್ ಟೈಗಳನ್ನೂ ತೂರಿಸುತ್ತಾರೆ. ಚೆನ್ನಾಗಿಯೇ ನಿಲ್ಲುತ್ತವೆ.

ಈಗ ಇಂಚಿನ ಲೆಕ್ಕ. ಕಾರ್ಸೆಟ್‌ನ ಬೆನ್ನಿನಲ್ಲಿ ಸಾಲು ತೂತುಗಳಿದ್ದು ಅವುಗಳಲ್ಲಿ ಲಾಡಿ ಪೋಣಿಸಿ ಬಿಗಿಯುತ್ತಾರೆ. ಎರಡು ಅಂಚುಗಳು ಒಂದಕ್ಕೊಂದು ತಾಗಲೇಬೇಕೆಂದಿಲ್ಲ. ನಡುವೆ ಎರಡು ಮೂರು ಇಂಚು ಸಂದು ಬಿಟ್ಟುಕೊಂಡು ತೊಡುವುದು ಸಾಮಾನ್ಯವಾಗಿತ್ತು. ಮ್ಯೂಸಿಯಂನಲ್ಲಿ ಅಳೆಯುವಾಗ ಮಾತ್ರ ಅಂಚುಗಳನ್ನು ಕೂಡಿಸಿ ಅಳೆಯುತ್ತಾರೆ. ಹಾಗಾಗಿ 20 ಇಂಚಿನ ಕಾರ್ಸೆಟ್ ತೊಟ್ಟವಳ ಸೊಂಟ 22-23 ಇಂಚು ಇದ್ದಿರಬಹುದು.

ಆ ಮ್ಯೂಸಿಯಂ ಅಳತೆಗಳಾದರೂ ಎಷ್ಟಿವೆ? ಇಂಗ್ಲೆಂಡಿನ ಲೆಸ್ಟರ್‌ಷೈರ್‌ನಲ್ಲಿ ಸಿಮಿಂಗ್ಟನ್ ಎಂಬ ಕಾರ್ಸೆಟ್ ಕಾರ್ಖಾನೆಯ ಸಂಗ್ರಹವಿದೆ. ಉಡುಪಿನ ಇತಿಹಾಸ ಬರೆದ ವ್ಯಾಲರೀ ಸ್ಟೀಲ್ ತಮ್ಮ ‘ದ ಕಾರ್ಸೆಟ್’ ಪುಸ್ತಕದಲ್ಲಿ ಅದರ ಲೆಕ್ಕ ಕೊಟ್ಟಿದ್ದಾರೆ. 197 ಕಾರ್ಸೆಟ್‌ಗಳಲ್ಲಿ 18 ಇಂಚಿನದು ಒಂದೇ ಒಂದು. 19 ಇಂಚಿನವು 11. ಉಳಿದವುಗಳಲ್ಲಿ ಹೆಚ್ಚಿನವು 20ರಿಂದ 26 ಇಂಚು. ಹದಿನಾರು ಇಂಚಿನದು ಅಲ್ಲಿ ಇಲ್ಲ.

ಹಾಗಾದರೆ ಫೋಟೋ? ಅದರಲ್ಲಿ ಎರಡು ಚಮತ್ಕಾರಗಳಿವೆ. ಸೊಂಟವನ್ನು ಸಣ್ಣದಾಗಿಸುವುದಕ್ಕಿಂತ ಅದರ ಮೇಲೆ-ಕೆಳಗೆ ಇರುವುದನ್ನು ದೊಡ್ಡದು ಮಾಡುವುದು ಸುಲಭ. ಎದೆಗೆ, ನಿತಂಬಕ್ಕೆ ಪ್ಯಾಡ್. ಬುಟ್ಟಿಯಂತೆ ಉಬ್ಬಿದ ತೋಳು. ಕೆಳಗೆ ಕೊಡೆಯಂತೆ ಅಗಲಿದ ಲಂಗ. ಇವುಗಳ ನಡುವೆ 25 ಇಂಚಿನ ಸೊಂಟವೂ ಕಡ್ಡಿಯಂತೆ ಕಾಣುತ್ತದೆ. ಹೊಲಿದು ತೊಟ್ಟವರು ಕನ್ನಡಿ ನೋಡಿ ಮೊದಲು ಬೆರಗಾಗುವುದು ಇಲ್ಲೇ: ಟೇಪಿನಲ್ಲಿ ಒಂದೆರಡು ಇಂಚು ಮಾತ್ರ ಇಳಿದಿದೆ, ಕಣ್ಣಿಗೆ ಅದರ ಎರಡರಷ್ಟು ಇಳಿದಂತಿದೆ. ಎರಡನೆಯ ಚಮತ್ಕಾರ ಸ್ಟುಡಿಯೋದ್ದು. ಗಾಜಿನ ನೆಗೆಟಿವ್ ಮೇಲೆ ಸೊಂಟದ ಅಂಚನ್ನು ತಿದ್ದಿ ತೆಳ್ಳಗೆ ಮಾಡಿಕೊಡುವುದು ಆಗಿನ ಫೋಟೋಗ್ರಾಫರ್‌ಗಳಿಗೆ ಗೊತ್ತಿದ್ದ ಕಲೆ. ನಮ್ಮ ಫೋನಿನ ಬ್ಯೂಟಿ ಫಿಲ್ಟರ್‌ನ ಮುತ್ತಜ್ಜಿ ಅನ್ನಿ.

ಇನ್ನು ಪಕ್ಕೆಲುಬಿನ ಕತೆ. ಹೀಗೊಂದು ಆಪರೇಷನ್ ಆಗ ನಡೆದಿತ್ತು ಎನ್ನುವುದಕ್ಕೆ ಇತಿಹಾಸಕಾರರಿಗೆ ಪುರಾವೆ ಸಿಕ್ಕಿಲ್ಲ. ಕಾಲಮಾನ ಯೋಚಿಸಿ. ಈಥರ್ ಕೊಟ್ಟು ನೋವಿಲ್ಲದೆ ಆಪರೇಷನ್ ಮಾಡಿ ತೋರಿಸಿದ್ದು 1846ರಲ್ಲಿ. ಗಾಯ ಕೊಳೆಯದಂತೆ ಕಾಪಾಡುವ ವಿಧಾನವನ್ನು ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಅದಕ್ಕೂ ಮೊದಲು ಬರೀ ಅಂದಕ್ಕಾಗಿ ಎದೆಗೂಡಿಗೆ ಕತ್ತಿ ಹಾಕಿಸಿಕೊಳ್ಳುವುದೆಂದರೆ ಸಾವನ್ನು ಕರೆದು ಕೂರಿಸಿದಂತೆ. ಅದರ ಅಗತ್ಯವೂ ಇರಲಿಲ್ಲ. ಕೊನೆಯ ಎರಡು ಜೊತೆ ಪಕ್ಕೆಲುಬುಗಳು ಮುಂದೆ ಎಲ್ಲಿಯೂ ಅಂಟಿಕೊಂಡಿರುವುದಿಲ್ಲ, ಒತ್ತಿದರೆ ಒಳಕ್ಕೆ ಬಾಗುತ್ತವೆ.

ಹಾಗಾದರೆ ಕಾರ್ಸೆಟ್ ನಿರಪಾಯಕಾರಿಯೇ?

ಹಾಗೂ ಹೇಳಲಾಗದು. ಹೊಲಿಗೆ ಹವ್ಯಾಸಿಗಳಲ್ಲಿ ಕೆಲವರು ಈ ಬದಿಗೆ ತುಸು ಹೆಚ್ಚೇ ವಾಲುತ್ತಾರೆ ಎಂದು ನನಗೆ ಅನ್ನಿಸುತ್ತದೆ. ಒಂದು ಸಂಜೆ ತೊಟ್ಟು ‘ಹಾಯಾಗಿತ್ತು’ ಅನ್ನುವುದು ಬೇರೆ, ಹನ್ನೆರಡನೆಯ ವಯಸ್ಸಿನಿಂದ ದಿನವೂ ತೊಡುವುದು ಬೇರೆ.

ಅಮೆರಿಕದ ಐಯೊವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಾಲೀನ್ ಗಾವ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಇದನ್ನು ಅಳೆದೇ ನೋಡಿದರು. ಹಳೆಯ ಕಾಲದ ಉಡುಪು ತೊಟ್ಟು ಐತಿಹಾಸಿಕ ಪ್ರದರ್ಶನಗಳಲ್ಲಿ ಭಾಗವಹಿಸುವ ಹೆಂಗಸರೇ ಅವರ ಪರೀಕ್ಷೆಗೆ ಬಂದವರು. ಕಾರ್ಸೆಟ್ ಇಲ್ಲದೆ ಒಮ್ಮೆ, ಬಿಗಿದ ಮೇಲೆ ಒಮ್ಮೆ ಶ್ವಾಸಕೋಶದ ಸಾಮರ್ಥ್ಯ ಅಳೆದಾಗ ಸರಾಸರಿ ಸುಮಾರು 9 ಶೇಕಡಾ ಕಡಿಮೆಯಾಗಿತ್ತು. ಕೆಲವರಿಗೆ ತೀರಾ ಕಡಿಮೆ ವ್ಯತ್ಯಾಸ, ಕೆಲವರಿಗೆ ಬಹಳ ಹೆಚ್ಚು. ಕೂತು ಮಾತಾಡುವಾಗ ಇದು ತಿಳಿಯುವುದಿಲ್ಲ. ಮೆಟ್ಟಿಲು ಹತ್ತುವಾಗ, ಕುಣಿಯುವಾಗ ಏದುಸಿರು ಬೇಗ ಬರುತ್ತದೆ. ಹೊಟ್ಟೆಯ ಬದಲು ಎದೆಯ ಮೇಲ್ಭಾಗದಿಂದ ಉಸಿರಾಡಬೇಕಾಗುತ್ತದೆ. ಜನ ತುಂಬಿ ಕಾವೇರಿದ ಹಾಲ್‌ನಲ್ಲಿ ಯಾರೋ ತಲೆಸುತ್ತಿ ಬಿದ್ದಿದ್ದರೆ ಆಶ್ಚರ್ಯವಿಲ್ಲ.

ಎಳೆಯ ವಯಸ್ಸಿನಿಂದ ಅತಿಯಾಗಿ ಬಿಗಿದವರ ಪಕ್ಕೆಲುಬುಗಳು ಬಾಗಿದ್ದು ಅಸ್ಥಿಪಂಜರಗಳಲ್ಲಿ ಕಾಣುತ್ತದೆ. ಅದೂ ನಿಜ. ಆದರೆ ಆಗಿನ ವೈದ್ಯರಲ್ಲಿ ಕೆಲವರು ಕ್ಷಯ, ಕ್ಯಾನ್ಸರ್ ಎಲ್ಲದಕ್ಕೂ ಕಾರ್ಸೆಟ್ಟೇ ಕಾರಣ ಎಂದು ಬರೆದರು. ಕ್ಷಯ ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ ಎಂದು ರಾಬರ್ಟ್ ಕಾಕ್ ತೋರಿಸಿದ್ದು 1882ರಲ್ಲಿ. ಕಾರಣ ಗೊತ್ತಿಲ್ಲದ ಕಾಲದಲ್ಲಿ ಕಣ್ಣೆದುರಿಗೆ ಇದ್ದದ್ದು ಹೆಂಗಸರ ಬಟ್ಟೆ, ಆರೋಪ ಅದರ ಮೇಲೆ ಬಿತ್ತು. ಇಂದಿನ ಫಾರ್ವರ್ಡ್‌ಗಳು ಆಗಿನ ಆ ಬರಹಗಳ ಮೊಮ್ಮಕ್ಕಳು.

ಹಾಗಾದರೆ ಅದನ್ನು ಯಾಕೆ ತೊಡುತ್ತಿದ್ದರು? ಇದಕ್ಕೆ ಉತ್ತರ ಸೀರೆ ಉಡುವವರಿಗೆ ಬೇಗ ಅರ್ಥವಾಗುತ್ತದೆ. ಸೀರೆಯ ಭಾರವೆಲ್ಲ ಒಳಲಂಗದ ಒಂದು ಲಾಡಿಯ ಮೇಲೆ ನಿಲ್ಲುತ್ತದೆ. ಸಂಜೆ ಬಿಚ್ಚಿದಾಗ ಸೊಂಟದ ಸುತ್ತ ಕೆಂಪು ಗೆರೆ. ಭಾರ ಸಣ್ಣ ಜಾಗದ ಮೇಲೆ ಬಿದ್ದರೆ ಒತ್ತಡ ಹೆಚ್ಚು, ಅಗಲ ಜಾಗಕ್ಕೆ ಹಂಚಿದರೆ ಕಡಿಮೆ. ಮೂರು-ನಾಲ್ಕು ಲಂಗಗಳ ಮೇಲೆ ಒಂದು ಗೌನ್ ಹೊತ್ತವರಿಗೆ ಕಾರ್ಸೆಟ್ ಆ ಭಾರವನ್ನು ಇಡೀ ಮುಂಡದ ಮೇಲೆ ಹಂಚುತ್ತಿತ್ತು. ಎದೆಗೆ ಆಸರೆಯೂ ಅದೇ, ಆಗ ಬ್ರಾ ಇರಲಿಲ್ಲ. ಅದರ ಕೆಳಗೆ ಯಾವಾಗಲೂ ಒಗೆಯಬಹುದಾದ ಸಡಿಲ ನೂಲಿನ ಅಂಗಿ ಇರುತ್ತಿತ್ತು. ಬರಿ ಮೈಮೇಲೆ ಕಾರ್ಸೆಟ್ ಬಿಗಿದು ನಾಯಕಿ ಕಿರುಚುವ ದೃಶ್ಯ ಸಿನಿಮಾದ್ದು.

(ಲಾಡಿಯ ಮಾತು ಬಂದದ್ದರಿಂದ ಒಂದು ಸೂಚನೆ. ‘ಸೀರೆ ಉಟ್ಟರೆ ಕ್ಯಾನ್ಸರ್’ ಎಂಬ ಫಾರ್ವರ್ಡ್ ಕೂಡ ಓಡಾಡುತ್ತದೆ. ಲಾಡಿ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿ ಹುಣ್ಣಾಗಿ, ಅದು ವಾಸಿಯಾಗದೆ ಕ್ಯಾನ್ಸರ್‌ಗೆ ತಿರುಗಿದ ಬೆರಳೆಣಿಕೆಯ ಪ್ರಕರಣಗಳನ್ನು ಭಾರತದ ವೈದ್ಯರು ವರದಿ ಮಾಡಿದ್ದಾರೆ. ಸೀರೆಯದು ತಪ್ಪಲ್ಲ. ಅಗಲ ಪಟ್ಟಿಯ ಒಳಲಂಗ ಬಳಸಿ, ಕಟ್ಟುವ ಜಾಗ ಬದಲಿಸಿ, ಸೊಂಟದಲ್ಲಿ ಮಾಯದ ಹುಣ್ಣಿದ್ದರೆ ತೋರಿಸಿ.)

ಈಗ ‘ರಾಣಿಯರ ಗುಟ್ಟು’ ಎಂದು ಹೇಳಿ ಮಾರುವ ರಬ್ಬರ್ ಸೊಂಟಪಟ್ಟಿಗಳ ಬಗ್ಗೆ ಎರಡೇ ಮಾತು. ಬಿಗಿದಾಗ ಕೊಬ್ಬು ಪಕ್ಕಕ್ಕೆ ಸರಿಯುತ್ತದೆ, ಕರಗುವುದಿಲ್ಲ. ತೂಕದ ಯಂತ್ರದಲ್ಲಿ ಇಳಿದು ಕಾಣುವುದು ಬೆವರಿ ಹೋದ ನೀರು.

ನಿಜವಾಗಿ ಕೊಂದದ್ದು ಬೆಂಕಿ

ಫಾರ್ವರ್ಡ್‌ಗಳು ಕಾರ್ಸೆಟ್ ಹಿಂದೆ ಓಡುವಾಗ ಅದಕ್ಕಿಂತ ದೊಡ್ಡ ಅಪಾಯ ಮರೆಯಾಗಿಬಿಡುತ್ತದೆ. 1856ರ ಸುಮಾರಿಗೆ ಉಕ್ಕಿನ ಬಳೆಗಳ ಕ್ರಿನೊಲಿನ್ ಬಂತು. ದೊಡ್ಡ ಪಂಜರದಂಥ ಈ ಚೌಕಟ್ಟಿನ ಮೇಲೆ ಲಂಗ ಹರಡಿ ನಿಲ್ಲುತ್ತದೆ. ಹಗುರ, ಕಾಲಿಗೆ ಬಟ್ಟೆ ಸುತ್ತಿಕೊಳ್ಳುವ ತೊಂದರೆಯಿಲ್ಲ, ಹೆಂಗಸರಿಗೆ ಇಷ್ಟವಾಯಿತು. ಆದರೆ ತನ್ನ ಲಂಗದ ಅಂಚು ಎಲ್ಲಿದೆ ಎಂದು ತೊಟ್ಟವಳಿಗೇ ತಿಳಿಯದು. ಮನೆಯಲ್ಲಿ ತೆರೆದ ಒಲೆ, ಮೇಣದ ಬತ್ತಿ, ಗ್ಯಾಸ್ ದೀಪ. ಮೇಲೆ ತೆಳ್ಳನೆಯ ಹತ್ತಿ ಬಟ್ಟೆ, ಒಳಗೆ ತುಂಬ ಗಾಳಿ. ಅಂಚಿಗೆ ಕಿಡಿ ತಾಗಿದರೆ ಚಿಮಣಿಯೊಳಗಿನಂತೆ ಉರಿ ಮೇಲಕ್ಕೇರುತ್ತದೆ.

ಅಮೆರಿಕದ ಕವಿ ಲಾಂಗ್‌ಫೆಲೋ ಅವರ ಹೆಂಡತಿ ಫ್ಯಾನಿ 1861ರ ಜುಲೈನಲ್ಲಿ ಮನೆಯಲ್ಲೇ ಬಟ್ಟೆಗೆ ಬೆಂಕಿ ತಗುಲಿ ಮರುದಿನ ತೀರಿಕೊಂಡರು. ಉರಿ ಆರಿಸಲು ಹೋದ ಕವಿಯ ಮುಖವೂ ಸುಟ್ಟಿತು. ಅವರ ಪ್ರಸಿದ್ಧ ಬಿಳಿ ಗಡ್ಡ ಆ ಗಾಯಗಳ ನಂತರ ಬಿಟ್ಟದ್ದು. 1862ರಲ್ಲಿ ಪ್ಯಾರಿಸ್ ಒಪೆರಾದ ಎಳೆಯ ನರ್ತಕಿ ಎಮ್ಮಾ ಲಿವ್ರಿಯ ಲಂಗಕ್ಕೆ ಗ್ಯಾಸ್ ದೀಪದ ಉರಿ ತಾಗಿತು. ಎಂಟು ತಿಂಗಳು ನರಳಿ ಆಕೆ ಸತ್ತಳು. ಬೆಂಕಿ ತಡೆಯುವ ದ್ರಾವಣದಲ್ಲಿ ಅದ್ದಿದ ಲಂಗ ಆಗಲೇ ಲಭ್ಯವಿತ್ತು. ಅದು ಬಿರುಸು, ಬಣ್ಣ ಮಂಕು ಎಂದು ಆಕೆ ಬೇಡ ಎಂದಿದ್ದಳು. 1871ರಲ್ಲಿ ಐರ್ಲೆಂಡಿನ ಒಂದು ನೃತ್ಯಕೂಟದಲ್ಲಿ ಲೇಖಕ ಆಸ್ಕರ್ ವೈಲ್ಡ್ ಅವರ ಇಬ್ಬರು ಮಲಸಹೋದರಿಯರು ಹೀಗೆಯೇ ಹೋದರು. ಒಬ್ಬಳ ಗೌನ್‌ಗೆ ಉರಿ ತಾಗಿತು, ಉಳಿಸಲು ಬಂದವಳದಕ್ಕೂ ಹತ್ತಿತು.

ಹಸಿರು ಗೌನ್‌ನ ವಿಷದ ಕತೆಗೂ ನೆಲೆಯಿದೆ, ಆದರೆ ಫಾರ್ವರ್ಡ್ ಹೇಳುವಂತೆ ಅಲ್ಲ. ಸ್ವೀಡನ್ನಿನ ಷೀಲೆ 18ನೇ ಶತಮಾನದಲ್ಲಿ ತಾಮ್ರ-ಆರ್ಸೆನಿಕ್‌ನಿಂದ ಹೊಳೆಯುವ ಹಸಿರು ಬಣ್ಣ ಮಾಡಿದರು. 1814ರಲ್ಲಿ ಅದಕ್ಕಿಂತ ಚಂದದ ಪಚ್ಚೆ ಹಸಿರು ಬಂತು. ಗೋಡೆ ಕಾಗದ, ಬಟ್ಟೆ, ತಲೆಗೆ ಮುಡಿಯುವ ಕೃತಕ ಎಲೆ, ಎಲ್ಲದಕ್ಕೂ ಬಳಿದರು. ರಸಾಯನಶಾಸ್ತ್ರಜ್ಞ ಹಾಫ್‌ಮನ್ ಲೆಕ್ಕ ಹಾಕಿ, ಅಂಥ ಒಂದು ಮುಡಿಯಲ್ಲಿ ಇಪ್ಪತ್ತು ಜನರನ್ನು ಕೊಲ್ಲುವಷ್ಟು ಆರ್ಸೆನಿಕ್ ಇದೆ ಎಂದರು. ಆದರೆ ಗೌನ್ ತೊಟ್ಟವಳ ಮೈಗೂ ಬಣ್ಣದ ಬಟ್ಟೆಗೂ ನಡುವೆ ಎಷ್ಟೋ ಪದರಗಳಿದ್ದವು. ಪುಡಿಯನ್ನು ಉಸಿರಾಡಿದವರು ಕೆಲಸಗಾರರು. ಲಂಡನ್ನಿನಲ್ಲಿ ಕೃತಕ ಎಲೆಗಳ ಮೇಲೆ ಹಸಿರು ಪುಡಿ ಉದುರಿಸುವ ಕೆಲಸ ಮಾಡುತ್ತಿದ್ದ ಮಟಿಲ್ಡಾ ಷೂರರ್ 1861ರ ನವೆಂಬರ್‌ನಲ್ಲಿ ಸತ್ತಾಗ ಅವಳಿಗೆ 19 ವರ್ಷ. ಕಣ್ಣಿನ ಬಿಳಿ ಭಾಗವೇ ಹಸಿರಾಗಿತ್ತು. ಹಬ್ಬದ ಸಂಜೆಗಳ ಕತೆ ಹೇಳುವ ಪೋಸ್ಟ್‌ಗಳಲ್ಲಿ ಈ ಹುಡುಗಿ ಅಪರೂಪಕ್ಕೂ ಕಾಣುವುದಿಲ್ಲ. ಉಳಿದಿರುವ ಹಸಿರು ಉಡುಪುಗಳನ್ನು ಮ್ಯೂಸಿಯಂಗಳು ಈಗ ಎಕ್ಸ್-ರೇ ಉಪಕರಣದಿಂದ ಪರೀಕ್ಷಿಸಿ ಕೈಗವಸು ತೊಟ್ಟೇ ಮುಟ್ಟುತ್ತವೆ. ಹಳೆಯದನ್ನೇ ಕೊಂಡು ತೊಡದೆ ಹೊಸದಾಗಿ ಹೊಲಿಯಿರಿ ಎಂದು ಅನುಭವಿಗಳು ಹೇಳುವುದಕ್ಕೆ ಇದೂ ಒಂದು ಕಾರಣ.

ನಮ್ಮ ಮನೆಗೆ ಬರುವ ಗೌನ್

ಇದೆಲ್ಲ ದೂರದ ಕತೆ ಎನ್ನಬೇಡಿ. ಶಾಲೆಯ ಫ್ಯಾನ್ಸಿ ಡ್ರೆಸ್ ಇದೆ, ಹುಟ್ಟುಹಬ್ಬದ ‘ಪ್ರಿನ್ಸೆಸ್’ ಗೌನ್ ಇದೆ, ಮದುವೆಗೆ ಮುಂಚಿನ ಫೋಟೋಶೂಟ್ ಇದೆ. ಒಳಗೆ ಪ್ಲಾಸ್ಟಿಕ್ ಬಳೆ, ಮೇಲೆ ನಾಲ್ಕೈದು ಪದರ ನೆಟ್ ಬಟ್ಟೆ. ಕ್ರಿನೊಲಿನ್‌ನ ರಚನೆ ಹೆಚ್ಚುಕಡಿಮೆ ಇದೇ. ಎದುರಿಗೆ ಕೇಕ್ ಮೇಲೆ ಮೇಣದ ಬತ್ತಿ, ವೇದಿಕೆಯಲ್ಲಿ ಉದ್ಘಾಟನೆಯ ದೀಪ, ಅಂಗಳದಲ್ಲಿ ದೀಪಾವಳಿಯ ಹಣತೆ. ಬಟ್ಟೆ ಮಾತ್ರ ಬದಲಾಗಿದೆ: ಆಗ ಹತ್ತಿ, ಈಗ ಪಾಲಿಯೆಸ್ಟರ್ ಅಥವಾ ನೈಲಾನ್.

ಉಣ್ಣೆಗೆ ಬೆಂಕಿ ಬೇಗ ಹಿಡಿಯುವುದಿಲ್ಲ. ರೇಷ್ಮೆ ನಿಧಾನವಾಗಿ ಉರಿದು ಉರಿ ತೆಗೆದರೆ ಹೆಚ್ಚಾಗಿ ಆರುತ್ತದೆ. ತೆಳು ಹತ್ತಿ ಭುಗ್ಗೆಂದು ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ-ಪಾಲಿಯೆಸ್ಟರ್ ಮಿಶ್ರಣದ್ದು ಇನ್ನೊಂದು ತೊಂದರೆ: ಕರಗಿದ ಪಾಲಿಯೆಸ್ಟರ್ ಕೆಳಗೆ ತೊಟ್ಟಿಕ್ಕದೆ, ಸುಟ್ಟ ಹತ್ತಿಯ ಎಳೆಗಳನ್ನೇ ಹಿಡಿದುಕೊಂಡು ಬತ್ತಿಯಲ್ಲಿನ ಎಣ್ಣೆಯಂತೆ ಉರಿಯುತ್ತದೆ.

ಬಾಡಿಗೆ ಗೌನ್‌ಗೆ ಲೇಬಲ್ ಇರುವುದಿಲ್ಲ. ಹೊಲಿಸುವುದಾದರೆ ಅಂಗಡಿಯವರು ಹೇಳಿದ್ದನ್ನೇ ನಂಬಬೇಕು. ರೇಷ್ಮೆ ಕೊಳ್ಳುವವರು ಮಾಡುವ ನೂಲು ಸುಡುವ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಳ ಅಂಚಿನಿಂದ ಎರಡು ಎಳೆ ತೆಗೆದು, ಚಿಮುಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು ಸುಡಿ. ಕಾಗದ ಸುಟ್ಟ ವಾಸನೆ, ಬೂದು ಬಣ್ಣದ ಮೃದು ಬೂದಿ: ಹತ್ತಿ. ಕೂದಲು ಸುಟ್ಟ ವಾಸನೆ, ಒತ್ತಿದರೆ ಪುಡಿಯಾಗುವ ಕಪ್ಪು ಉಂಡೆ: ರೇಷ್ಮೆ ಅಥವಾ ಉಣ್ಣೆ. ಮುದುಡಿ ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಇದನ್ನು ದೊಡ್ಡವರೇ ಮಾಡಬೇಕು, ಬಟ್ಟೆಯಿಂದ ದೂರದಲ್ಲಿ.

ಮೈಮೇಲಿನ ಬಟ್ಟೆಗೆ ಉರಿ ತಾಗಿದರೆ ಓಡಬಾರದು. ಗಾಳಿ ಸಿಕ್ಕು ಉರಿ ಹೆಚ್ಚುತ್ತದೆ. ನೆಲಕ್ಕೆ ಮಲಗಿಸಿ ಹೊರಳಿಸಿ, ಇಲ್ಲವೇ ಕಂಬಳಿಯಲ್ಲಿ ಸುತ್ತಿ. ಆರಿದ ಮೇಲೆ ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಐಸ್ ಬೇಡ. ಅಂಟಿದ ಬಟ್ಟೆಯನ್ನು ಕೀಳಬೇಡಿ. ಟೂತ್‌ಪೇಸ್ಟ್, ಇಂಕು, ಬೆಣ್ಣೆ ಹಚ್ಚಿ ಎಂಬ ಫಾರ್ವರ್ಡ್ ಬಂದಿದ್ದರೆ ಅಳಿಸಿ; ಅವು ಶಾಖವನ್ನು ಹಿಡಿದಿಡುತ್ತವೆ, ಸೋಂಕು ತರುತ್ತವೆ, ವೈದ್ಯರಿಗೆ ಗಾಯ ಕಾಣದಂತೆ ಮಾಡುತ್ತವೆ. 108ಕ್ಕೆ ಕರೆ ಮಾಡಿ.

ಟೇಲರ್ ಹತ್ತಿರ ಮಗುವಿಗೆ ಗೌನ್ ಹೊಲಿಸುವಾಗ ಇನ್ನೊಂದನ್ನು ಹೇಳಿ. 19ನೇ ಶತಮಾನದ ಕಾರ್ಸೆಟ್‌ಗೆ ಬೆನ್ನಲ್ಲಿ ಲಾಡಿ ಇದ್ದರೂ ಮುಂದೆ ಗುಂಡಿ-ಕೊಂಡಿಯ ಉಕ್ಕಿನ ಪಟ್ಟಿ ಇರುತ್ತಿತ್ತು, ತೊಟ್ಟವಳೇ ಅದನ್ನು ಬಿಚ್ಚಿಕೊಳ್ಳಬಹುದಿತ್ತು. ಈಗಿನ ಫ್ಯಾನ್ಸಿ ಗೌನ್‌ಗಳಿಗೆ ಬೆನ್ನಲ್ಲಿ ಲಾಡಿ ಮಾತ್ರ, ಅದಕ್ಕೊಂದು ಬಿಗಿ ಗಂಟು. ಅಂದಕ್ಕೆ ಲಾಡಿ ಇರಲಿ, ಅದರ ಕೆಳಗೆ ಒಂದೇ ಎಳೆತಕ್ಕೆ ಬಿಚ್ಚುವ ವೆಲ್ಕ್ರೋ ಪಟ್ಟಿ ಹಾಕಿಸಿ. ಹದಿನೈದು ನಿಮಿಷದ ಕೆಲಸ.